ಮುಳ್ಳು ಸುಳ್ಳಾಡಿದಾಗ

ಈಚೆಗೆ ಕಾರ್ತಿಕ ಮಾಸದ ಒಂದು ಭಾನುವಾರ ಹೊಳೆನರಸೀಪುರದ ಆಪ್ತರೊಬ್ಬರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ಹುಡುಗ ಅರಕಲಗೂಡು ತಾಲ್ಲೂಕಿನವನು. ಹುಡುಗಿಯ ಮನೆಯವರು ಚನ್ನರಾಯಪಟ್ಟಣದ ಕಡೆಯವರು. ಎರಡೂ ಮನೆತನಗಳಿಗೆ ಬೇಕಾದವರೆಂಬ ಸಲುಗೆಯಿಂದ ನಮ್ಮನ್ನು ಹಾಸನದಿಂದ ಕರೆಸಿಕೊಂಡಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಹಿರಿಯರ ಮಾತುಕತೆಯೂ ಹಿತವಾಗಿಯೇ ಮುಗಿದಿತ್ತು. ಆದರೂ ತಾಂಬೂಲದ ತಟ್ಟೆ ಮಾತ್ರ ಮುಂದಕ್ಕೆ ಬರಲಿಲ್ಲ. ಹುಡುಗನ ವೃತ್ತಿಯೇ ಅದಕ್ಕೆ ಕಾರಣವಾಗಿತ್ತು. ಅವನು ವಿಮಾನದ ಸಹಚಾಲಕ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನೆಲ ಬಿಟ್ಟ ಅರೆಗಳಿಗೆಯೊಳಗೆ ಉರುಳಿದ ವಿಮಾನದ ಚಿತ್ರಗಳನ್ನು ದೂರದರ್ಶನದಲ್ಲಿ ಕಂಡ ಮೇಲೆ ಹುಡುಗಿಯ ಅಜ್ಜಿಗೆ ನಿದ್ದೆ ಇಳಿದಿರಲಿಲ್ಲವಂತೆ. ಪ್ರಸಾದವಾದ ಮೇಲೆ ಆಕೆ ನೇರವಾಗಿ ಹುಡುಗನನ್ನೇ ಕೇಳಿದರು: "ಅಲ್ಲ ಕಣಪ್ಪ, ಮೇಲಕ್ಕೇಳೋ ಹೊತ್ತಿಗೇ ನಿನ್ನ ಮುಂದಿರೋ ಗಡಿಯಾರಗಳೆಲ್ಲ ಕೆಟ್ಟು ಕೂತ್ರೆ ಏನ್ ಮಾಡ್ತೀಯ? ಅವು ಸುಳ್ಳು ತೋರಿಸಿದ್ರೆ ನಿಂಗೆ ಹೆಂಗೆ ಗೊತ್ತಾಗುತ್ತೆ?"

ಪಡಸಾಲೆಯಲ್ಲಿ ಕುಳಿತಿದ್ದ ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಓದಿದವರು ನಾವು. ಆಕೆ ಕೇಳಿದ್ದು ಪ್ರಮಾಣಶಾಸ್ತ್ರದ ಮೊದಲ ಪ್ರಶ್ನೆಯನ್ನೇ. ಅರಿವಿಗೆ ಸಾಧನವಾದುದೇ ಕೆಟ್ಟಾಗ, ಅದು ಕೆಟ್ಟಿದೆಯೆಂಬ ಅರಿವು ಯಾವುದರಿಂದ ಬರಬೇಕು? ಹುಡುಗನೂ ನಗಲಿಲ್ಲ. "ಅಜ್ಜಿ, ನಮ್ಮನ್ನ ವರ್ಷ ವರ್ಷ ಪರೀಕ್ಷೆ ಮಾಡೋದೂ ಇದನ್ನೇ" ಎಂದು ಹೇಳಿ, ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿಕೊಂಡು ವಿವರಿಸತೊಡಗಿದ. ಅಂದು ಅವನಿಂದ ಕೇಳಿದುದನ್ನೂ ಆಮೇಲೆ ನಾವು ಓದಿ ತಿಳಿದುದನ್ನೂ ಸೇರಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ನಮ್ಮ ಜಿಲ್ಲೆಯ ಮನೆಗಳಿಗೆ ವಿಮಾನ ಈಗ ಹೊರಗಿನ ಮಾತಲ್ಲ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯ ಸಂಸಾರಿಗಳಿಗೂ ವಿಮಾನದ ಮೆಟ್ಟಿಲು ಹತ್ತಿಸಿದರು. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನಂತೂ ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. ಮಕ್ಕಳನ್ನು ಬೀಳ್ಕೊಡಲು ಅಪರಾತ್ರಿಯಲ್ಲಿ ದೇವನಹಳ್ಳಿಗೆ ಹೋಗಿ ಬಂದ ತಾಯಂದಿರು ಈ ಪತ್ರಿಕೆಯ ಓದುಗರಲ್ಲಿಯೇ ಎಷ್ಟೋ ಮಂದಿ ಇರಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 'ಯಂತ್ರವನ್ನು ನಂಬಿ ಕೆಟ್ಟರು, ತಮ್ಮ ಕಣ್ಣು ಕಿವಿಗಳನ್ನು ನಂಬಿದ್ದರೆ ಉಳಿಯುತ್ತಿದ್ದರು' ಎಂದು ನಮ್ಮ ವಯಸ್ಸಿನವರು ಸುಲಭವಾಗಿ ಹೇಳಿಬಿಡುತ್ತೇವೆ. ವಿಮಾನದ ಮಟ್ಟಿಗೆ ಈ ಮಾತು ಪೂರ್ಣ ತಪ್ಪು. ಕತ್ತಲಲ್ಲಿ, ಮೋಡದೊಳಗೆ, ಮನುಷ್ಯನ ಶರೀರದಷ್ಟು ದೊಡ್ಡ ಸುಳ್ಳುಗಾರ ಬೇರೊಬ್ಬನಿಲ್ಲ. ನಮ್ಮ ಕಿವಿಯ ಒಳಭಾಗದಲ್ಲಿ ಮೂರು ಬಾಗಿದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವದ ಚಲನೆಯಿಂದ ನಮಗೆ ತಿರುವಿನ ಅನುಭವವಾಗುತ್ತದೆ. ಆದರೆ ತಿರುವು ಒಂದೇ ಸಮನೆ ಇಪ್ಪತ್ತು ಸೆಕೆಂಡುಗಳಷ್ಟು ಸಾಗಿದರೆ ದ್ರವವೂ ನಾಳದ ಸಮಕ್ಕೆ ಬಂದುಬಿಡುತ್ತದೆ. ಆಗ ತಿರುಗುತ್ತಿರುವವನಿಗೆ ತಾನು ನೆಟ್ಟಗೆ ಹೋಗುತ್ತಿದ್ದೇನೆಂದೇ ಅನ್ನಿಸುತ್ತದೆ. ಅಲ್ಲಿಂದ ನಿಜವಾಗಿಯೂ ನೆಟ್ಟಗಾದರೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತ ಮಕ್ಕಳಿಗೆ ಮನೆಯೇ ಸುತ್ತುವಂತೆ ಕಾಣುವುದು ಇದೇ ಕಾರಣದಿಂದ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮಂಜಿನಲ್ಲಿ ವಾಹನ ನಡೆಸಿದವರಿಗೆ ಕಣ್ಣು ಕಟ್ಟಿದ ಅನುಭವ ಗೊತ್ತು. ಆದರೆ ಅಲ್ಲಿ ಚಕ್ರದ ಕೆಳಗೆ ನೆಲವಾದರೂ ಇರುತ್ತದೆ.

ಆದುದರಿಂದಲೇ ಚಾಲಕನ ಮುಂದೆ ಕೃತಕ ದಿಗಂತವೆಂಬ ಉಪಕರಣವನ್ನಿಟ್ಟಿದ್ದಾರೆ. ವೇಗವಾಗಿ ತಿರುಗುವ ಬುಗರಿ ತನ್ನ ನಿಲುವನ್ನು ಬಿಟ್ಟುಕೊಡುವುದಿಲ್ಲವಷ್ಟೆ. ಅದೇ ತತ್ತ್ವದಿಂದ ವಿಮಾನ ಎತ್ತ ವಾಲಿದರೂ ಭೂಮಿಯ ಮಟ್ಟ ಎಲ್ಲಿದೆಯೆಂಬುದನ್ನು ಇದು ತೋರಿಸುತ್ತದೆ. ಮುಖ್ಯ ಚಾಲಕನಿಗೆ ಒಂದು, ಸಹಚಾಲಕನಿಗೆ ಒಂದು, ಇಬ್ಬರಿಗೂ ಕಾಣುವಂತೆ ನಡುವೆ ಆಪತ್ಕಾಲಕ್ಕೆಂದು ಇನ್ನೊಂದು, ಹೀಗೆ ಮೂರು. ಮೂರೇಕೆ ಎಂಬುದು ಮುಂದಿನ ಕಥೆಯಿಂದ ತಿಳಿಯುತ್ತದೆ.

1978ರ ಜನವರಿ 1, ರಾತ್ರಿಯ ಹೊತ್ತು. ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದಿಂದ ಏರ್ ಇಂಡಿಯಾದ 855ನೆಯ ವಿಮಾನ ದುಬೈಗೆ ಹೊರಟಿತು. ಅದು ಸಂಸ್ಥೆಯ ಮೊದಲ ಬೋಯಿಂಗ್ 747. ಅದಕ್ಕೆ ಸಾಮ್ರಾಟ್ ಅಶೋಕನ ಹೆಸರಿಟ್ಟಿದ್ದರು. ಒಳಗೆ 190 ಪ್ರಯಾಣಿಕರು, 23 ಸಿಬ್ಬಂದಿ. ಹೊಸ ವರ್ಷದ ಮೊದಲ ದಿನ. ದುಡಿಮೆಗೆಂದು ಕೊಲ್ಲಿ ದೇಶಗಳ ದಾರಿ ಹಿಡಿದಿದ್ದ ಕಾಲ. ವಿಮಾನ ತೀರವನ್ನು ದಾಟಿ ಸಮುದ್ರದ ಮೇಲೆ ಬಂದಾಗ ಬಲಕ್ಕೆ ಮೆಲ್ಲನೆ ವಾಲಿ ತಿರುಗಿತು. ಮತ್ತೆ ಮಟ್ಟಸಕ್ಕೆ ಬಂದಿತು. ಮುಂದೆ ಅರಬ್ಬೀ ಸಮುದ್ರದ ಕತ್ತಲು. ನೀರು ಯಾವುದು ಆಕಾಶ ಯಾವುದು ಎಂದು ಗುರುತಿಸಲು ಒಂದು ದೀಪವೂ ಇಲ್ಲ.

ಆ ಕ್ಷಣದಲ್ಲಿ ಮುಖ್ಯ ಚಾಲಕನ ಕೃತಕ ದಿಗಂತ ಕೈಕೊಟ್ಟಿತು. ವಿಮಾನ ಮಟ್ಟಸಕ್ಕೆ ಬಂದಿದ್ದರೂ ಅದು ಇನ್ನೂ ಬಲಕ್ಕೇ ವಾಲಿದೆಯೆಂದು ತೋರಿಸಿತು. ಹದಿನೆಂಟು ಸಾವಿರ ಗಂಟೆಗಳ ಹಾರಾಟದ ಅನುಭವವಿದ್ದ ಆತ ತನ್ನ ಉಪಕರಣ ಹೇಳಿದಂತೆ ಸರಿಪಡಿಸಲು ವಿಮಾನವನ್ನು ಎಡಕ್ಕೆ ಹೊರಳಿಸಿದ. ಮುಳ್ಳು ಸರಿಹೋಗಲಿಲ್ಲ, ಇನ್ನಷ್ಟು ಎಡಕ್ಕೆ ಹೊರಳಿಸಿದ. ತನ್ನ ಉಪಕರಣಗಳ ಬಗ್ಗೆ ಅವನು ಉದ್ಗರಿಸಿದ್ದು ಧ್ವನಿಮುದ್ರಿಕೆಯಲ್ಲಿದೆ. ಸಹಚಾಲಕನಿಂದ ಗೊಂದಲ ಕಳೆಯುವ ಸ್ಪಷ್ಟ ಮಾತು ಬರಲಿಲ್ಲ. ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರ್ ಮಾತ್ರ ಮೂರನೆಯ ಉಪಕರಣವನ್ನು ಗಮನಿಸಿದ. ಅದನ್ನು ನಂಬಬೇಡಿ, ಇದನ್ನು ನೋಡಿ ಎಂಬರ್ಥದಲ್ಲಿ ಕೂಗಿ ಹೇಳಿದ. ಆ ಮಾತು ಕೈಗಳಿಗೆ ತಲಪುವಷ್ಟರಲ್ಲಿ ಹೊತ್ತು ಮೀರಿತ್ತು. ವಿಮಾನ ಎಡಕ್ಕೆ 108 ಡಿಗ್ರಿಗಳಷ್ಟು, ಎಂದರೆ ಬಹುತೇಕ ಬೆನ್ನ ಮೇಲೆ ಮಗುಚುವಷ್ಟು, ಉರುಳಿ ಬಾಂದ್ರಾ ತೀರದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ ಕಡಲಿಗೆ ಬಿದ್ದಿತು. ನೆಲ ಬಿಟ್ಟು 101 ಸೆಕೆಂಡುಗಳಾಗಿದ್ದವು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊದಲು ಯಾರೋ ಬಾಂಬಿಟ್ಟಿರಬೇಕೆಂಬ ಶಂಕೆಯಿತ್ತು. ಅವಶೇಷಗಳನ್ನೂ ಮುದ್ರಿಕೆಗಳನ್ನೂ ಪರಿಶೀಲಿಸಿದ ಮೇಲೆ ನಿಜ ಹೊರಬಿದ್ದಿತು. ತಯಾರಕರ ವಿರುದ್ಧ ಅಮೆರಿಕದಲ್ಲಿ ಹೂಡಿದ್ದ ದಾವೆಯನ್ನು ಅಲ್ಲಿಯ ನ್ಯಾಯಾಲಯ 1985ರಲ್ಲಿ ತಳ್ಳಿಹಾಕಿತು. ಚಾಲಕನ ಹೆಸರೆತ್ತಿ ದೂಷಿಸುವುದು ನಮ್ಮ ಉದ್ದೇಶವಲ್ಲ. ಅವನಿಗೆ ದೊರೆತ ಕಾಲ, ಲಿಂಗಯ್ಯನಿಗೆ ವಿಭೂತಿ ಧರಿಸುವಷ್ಟು ಹೊತ್ತೂ ಅಲ್ಲ. ಆದರೆ ಮೂರು ಸಾಕ್ಷಿಗಳಿದ್ದಾಗ ತನ್ನ ಮುಂದಿರುವ ಒಂದನ್ನೇ ಪ್ರಮಾಣವೆಂದು ಹಿಡಿದುದು, ಉಳಿದೆರಡನ್ನು ವಿಚಾರಿಸದೆ ಕೈ ಮುಂದಾದುದು ತಪ್ಪು. ಎರಡು ಉಪಕರಣಗಳು ಮಾತ್ರ ಇದ್ದು ಒಂದಕ್ಕೊಂದು ವಿರುದ್ಧ ಹೇಳಿದರೆ ಯಾವುದು ನಿಜವೆಂದು ನಿರ್ಣಯಿಸಲಾಗದು. ಮೂರನೆಯದು ಅದಕ್ಕಾಗಿಯೇ ಇದೆ. ಎರಡು ಒಂದೇ ಮಾತು ಹೇಳಿದರೆ ಬೇರೆಯಾದುದು ಕೆಟ್ಟಿದೆ. ಯಾರ ಮುಂದಿನ ಉಪಕರಣ ಸರಿಯಿದೆಯೋ ಅವರ ಕೈಗೆ ಚಾಲನೆಯನ್ನು ಒಪ್ಪಿಸಬೇಕು, ಅವರು ಕಿರಿಯರಾದರೂ ಸರಿ.

"ಅವರು ಕಿರಿಯರಾದರೂ ಸರಿ" ಎಂಬಲ್ಲಿ ಹುಡುಗ ತುಸು ತಡೆದು ನಮ್ಮ ಮುಖ ನೋಡಿದ. ಅದರ ಮಾತನ್ನು ಮುಂದೆ ಹೇಳುತ್ತೇವೆ.

ಇದು ನಿಲುವಿನ ಉಪಕರಣದ ಕಥೆಯಾಯಿತು. ವೇಗದ ಉಪಕರಣದ ಕಥೆ ಇನ್ನೂ ವಿಚಿತ್ರ. ವಿಮಾನದ ಮೂತಿಯ ಬಳಿ ಗಾಳಿಗೆ ಬಾಯಿ ತೆರೆದ ಸಣ್ಣ ನಳಿಗೆಗಳಿರುತ್ತವೆ. ಪಿಟೋ ಎಂಬ ಫ್ರೆಂಚ್ ಎಂಜಿನಿಯರ್ 1732ರಲ್ಲಿ ಸೇನ್ ನದಿಯ ನೀರಿನ ವೇಗವನ್ನು ಅಳೆಯಲು ಇಂತಹ ನಳಿಗೆಯನ್ನು ಬಳಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಎದುರುಗಾಳಿ ನಳಿಗೆಯೊಳಗೆ ಎಷ್ಟು ಒತ್ತುತ್ತದೆ, ಪಕ್ಕದ ತೂತುಗಳಲ್ಲಿ ಸುಮ್ಮನಿರುವ ಗಾಳಿಯ ಒತ್ತಡವೆಷ್ಟು, ಇವೆರಡರ ಅಂತರದಿಂದ ವೇಗ ತಿಳಿಯುತ್ತದೆ. ಪಕ್ಕದ ತೂತುಗಳಿಂದಲೇ ಎತ್ತರವೂ ತಿಳಿಯುತ್ತದೆ. ಇನ್ನೂರು ಮುನ್ನೂರು ಜನರನ್ನು ಹೊತ್ತ ಯಂತ್ರದ ಅರಿವೆಲ್ಲ ಕಿರುಬೆರಳು ಹಿಡಿಸದ ರಂಧ್ರಗಳ ಮೇಲೆ ನಿಂತಿದೆ!

1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ಯುಯೆರ್ಟೊ ಪ್ಲಾಟಾದಿಂದ ಬಿರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ 757 ಹೊರಟಿತು. ರನ್‌ವೇಯ ಮೇಲೆ ಓಡುತ್ತಿರುವಾಗಲೇ ಮುಖ್ಯ ಚಾಲಕನಿಗೆ ತನ್ನ ವೇಗಮಾಪಕ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿತು. ನಿಲ್ಲಿಸುವ ಅವಕಾಶವಿತ್ತು. ಸಹಚಾಲಕ ವೇಗವನ್ನು ಓದಿ ಹೇಳಿದರಾಯಿತೆಂದು ಮುಂದುವರಿದ. ನಳಿಗೆಯ ಬಾಯಿ ಮುಚ್ಚಿಹೋಗಿದ್ದರಿಂದ ಅದರೊಳಗಿನ ಒತ್ತಡ ಹಾಗೆಯೇ ಉಳಿಯಿತು. ಮೇಲೇರಿದಂತೆ ಹೊರಗಿನ ಒತ್ತಡ ಇಳಿಯಿತು. ಅಂತರ ಬೆಳೆದು, ವೇಗ ಮಿತಿಮೀರಿದೆಯೆಂದು ಮುಳ್ಳು ತೋರಿಸತೊಡಗಿತು. ವೇಗ ಇಳಿಸಲೆಂದು ಮೂತಿ ಎತ್ತಿ ಎಂಜಿನ್ನಿನ ಶಕ್ತಿ ತಗ್ಗಿಸಿದರು. ನಿಜದಲ್ಲಿ ವೇಗ ಸಾಲದಾಗಿ ವಿಮಾನ ಕುಸಿಯುತ್ತಿತ್ತು. ಸಹಚಾಲಕನ ಮುಂದಿನ ಮುಳ್ಳು ನಿಜವನ್ನೇ ಹೇಳುತ್ತಿತ್ತು. 189 ಮಂದಿ ಸತ್ತರು.

ನಳಿಗೆಯನ್ನು ಮುಚ್ಚಿದ್ದು ಬಹುಶಃ ಕುಂಬಾರ ಹುಳದ ಗೂಡು. ಮೂರು ವಾರಗಳಷ್ಟು ಕಾಲ ವಿಮಾನ ನಿಂತಲ್ಲೇ ನಿಂತಿತ್ತು; ನಳಿಗೆಗೆ ಮುಚ್ಚಳ ತೊಡಿಸಿರಲಿಲ್ಲ. ನಮ್ಮ ಹಳ್ಳಿಯ ಮನೆಗಳಲ್ಲಿ ತೊಲೆಯ ಸಂದಿ, ಕಿಟಕಿಯ ಮೂಲೆ, ಹಳೆಯ ಬೀಗದ ಕಿಂಡಿ ಎಲ್ಲಿ ತೂತಿದ್ದರೂ ಕೆಸರು ತಂದು ಮೆತ್ತುವ ಹುಳವನ್ನು ಕಾಣದವರಾರು? ಪಾಠಶಾಲೆಯಲ್ಲಿ ನಾವು 'ಕೀಟಭ್ರಮರ ನ್ಯಾಯ' ಕಲಿತದ್ದು ಇದೇ ಹುಳದಿಂದ. ಗೂಡಿನೊಳಗೆ ಸಿಕ್ಕಿದ ಕೀಟ ಭ್ರಮರವನ್ನೇ ಧ್ಯಾನಿಸುತ್ತ ತಾನೂ ಭ್ರಮರವಾಗುವಂತೆ ಜೀವನು ಶಿವನಾಗುತ್ತಾನೆಂದು ಗುರುಗಳು ವಿವರಿಸುತ್ತಿದ್ದರು. ಆ ಕೀಟ ಮರಿಗೆ ಆಹಾರವಾಗುತ್ತದೆಯೆಂದು ಜೀವಶಾಸ್ತ್ರ ಹೇಳುವುದು ನಮಗೆ ಬಹಳ ತಡವಾಗಿ ತಿಳಿಯಿತು. ಉಪಮೆಗೆ ಕುಂದಿಲ್ಲ, ಬಿಡಿ.

ಅದೇ ವರ್ಷದ ಅಕ್ಟೋಬರ್ 2ರ ರಾತ್ರಿ ಪೆರು ದೇಶದ ಲಿಮಾದಿಂದ ಹೊರಟ ಏರೋಪೆರು ವಿಮಾನದಲ್ಲಿ ಪಕ್ಕದ ತೂತುಗಳೇ ಮುಚ್ಚಿದ್ದವು. ವಿಮಾನ ತೊಳೆಯುವಾಗ ಅಂಟಿಸಿದ ಪಟ್ಟಿಯನ್ನು ತೆಗೆಯಲು ಮರೆತಿದ್ದರು. ವೇಗವೂ ಸುಳ್ಳು, ಎತ್ತರವೂ ಸುಳ್ಳು. ಎಲ್ಲ ಉಪಕರಣಗಳೂ ಒಂದೊಂದು ಹೇಳಿದಾಗ ಚಾಲಕರು ನೆಲದ ನಿಯಂತ್ರಕನನ್ನು ಎತ್ತರ ಕೇಳಿದರು. ಅವನು ತನ್ನ ಪರದೆ ನೋಡಿ 9,700 ಅಡಿ ಎಂದ. ಅವರು ನಂಬಿದರು. ವಿಮಾನದ ರೆಕ್ಕೆ ಆಗಲೇ ನೀರಿಗೆ ತಾಗುವಷ್ಟು ಕೆಳಗಿತ್ತು. 70 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ನಿಯಂತ್ರಕ ಸುಳ್ಳಾಡಿದನೇ? ಇಲ್ಲ. ಅವನ ಪರದೆಯ ಮೇಲೆ ಕಾಣುವ ಎತ್ತರದ ಅಂಕಿ, ವಿಮಾನವೇ ತನ್ನ ಎತ್ತರಮಾಪಕದಿಂದ ಕಳುಹಿಸಿದ ಅಂಕಿ. ತರ್ಕದಲ್ಲಿ ಇದನ್ನು ಆತ್ಮಾಶ್ರಯ ದೋಷವೆನ್ನುತ್ತೇವೆ. ನಾವು ಹೇಳಿದ ಮಾತನ್ನೇ ಇನ್ನೊಬ್ಬನ ಬಾಯಿಂದ ಕೇಳಿ, ಅವನೂ ಹಾಗೆಯೇ ಹೇಳಿದನೆಂದು ಸಂತೋಷಪಡುವುದು. ಸಾಕ್ಷಿಗಳ ಸಂಖ್ಯೆ ಸಾಲದು, ಸಾಕ್ಷಿ ಸ್ವತಂತ್ರನಾಗಿರಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಬಿಳಿಯ ತಟ್ಟೆಗಳನ್ನು ಕಂಡಾಗಲೆಲ್ಲ ನಮಗೆ ಈಗ ಈ ಮಾತು ನೆನಪಾಗುತ್ತದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಅಲ್ಲಿಯವರು ಕಣ್ಣಿಂದ ಕಾಣರು. ಅದು ತನ್ನ ಬಗ್ಗೆ ತಾನೇ ಕಳುಹಿಸುವ ಅಂಕಿಗಳೊಂದಿಗೆ, ಅದರ ದೂರವನ್ನು ನೆಲದಿಂದ ತಾವೇ ಅಳೆದುಕೊಳ್ಳುತ್ತಾರೆ.

"ಹಂಗಾದ್ರೆ ಎಲ್ಲಾನೂ ಸುಳ್ಳಾದಾಗ?" ಎಂದು ಅಜ್ಜಿ ಬಿಡಲಿಲ್ಲ.

ಹುಡುಗನ ಉತ್ತರವನ್ನು ನಾವು ಹೀಗೆ ಅರ್ಥಮಾಡಿಕೊಂಡೆವು. ಹೇಮಾವತಿ ನಾಲೆಯ ಅನುಭವಸ್ಥ ನೀರುಗಂಟಿಗೆ ತೂಬಿನ ಬಾಗಿಲನ್ನು ಎಷ್ಟು ಎತ್ತಿದರೆ ಎಷ್ಟು ನೀರು ಹೋಗುತ್ತದೆಂದು ಗೊತ್ತು. ಅವನು ಪ್ರತಿಸಲ ಅಳೆಯಬೇಕಿಲ್ಲ. ಹಾಗೆಯೇ ಎಂಜಿನ್ನಿಗೆ ಇಷ್ಟು ಶಕ್ತಿ ಕೊಟ್ಟು ಮೂತಿಯನ್ನು ಇಷ್ಟು ಎತ್ತಿ ಹಿಡಿದರೆ ವೇಗ ತಾನಾಗಿಯೇ ಸುರಕ್ಷಿತ ಮಿತಿಯಲ್ಲಿರುತ್ತದೆಂಬುದನ್ನು ವಿಮಾನದ ತಯಾರಕರು ಮೊದಲೇ ಕಂಡುಕೊಂಡಿದ್ದಾರೆ. ವೇಗಮಾಪಕಗಳು ಒಂದಕ್ಕೊಂದು ಹೊಂದದಿದ್ದಾಗ ಚಾಲಕ ಮೊದಲು ಸ್ವಯಂಚಾಲನೆಯನ್ನು ಬಿಡಿಸಿ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು. ಏರ್‌ಬಸ್ ಎ320 ನೆಲ ಬಿಟ್ಟ ಹೊಸತಿನಲ್ಲಿದ್ದರೆ ಪೂರ್ಣ ಶಕ್ತಿ, ಮೂತಿ 15 ಡಿಗ್ರಿ. ತುಸು ಮೇಲೇರಿದ ಮೇಲೆ ಏರುವ ಶಕ್ತಿ, 10 ಡಿಗ್ರಿ. ಹತ್ತು ಸಾವಿರ ಅಡಿ ದಾಟಿದ್ದರೆ 5 ಡಿಗ್ರಿ. ಬೋಯಿಂಗ್ 737ರಲ್ಲಿ ರೆಕ್ಕೆಯ ಫ್ಲ್ಯಾಪ್‌ಗಳು ಹೊರಚಾಚಿದ್ದರೆ 10 ಡಿಗ್ರಿ, ಎಂಜಿನ್ ಶೇಕಡಾ 80. ಒಳಗೆ ಸೇರಿದ್ದರೆ 4 ಡಿಗ್ರಿ, ಶೇಕಡಾ 75. ಇವನ್ನು ಪುಸ್ತಕ ತೆರೆದು ನೋಡುವಂತಿಲ್ಲ. ನಮ್ಮ ಕಾಲದ ಮಗ್ಗಿಯಂತೆ ಬಾಯಿಪಾಠವಿರಬೇಕು. ವಿಮಾನ ಹೀಗೆ ನಿಂತ ಮೇಲೆ, ಯಾವ ಮುಳ್ಳು ಸುಳ್ಳಾಡಿತೆಂಬ ವಿಚಾರಣೆ. ಮೊದಲು ಹಾರಾಟ, ಆಮೇಲೆ ಶೋಧ.

ಇನ್ನು ನೆಲದ ಮೇಲಿರುವಾಗ. ಓಡುವ ವಿಮಾನ 80 ಅಥವಾ 100 ನಾಟ್, ಎಂದರೆ ಗಂಟೆಗೆ ಸುಮಾರು 150ರಿಂದ 185 ಕಿಲೋಮೀಟರ್ ವೇಗಕ್ಕೆ ಬಂದಾಗ ಒಬ್ಬರು ಆ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ; ಇನ್ನೊಬ್ಬರು ತಮ್ಮ ಮುಳ್ಳೂ ಅಲ್ಲಿಗೇ ಬಂದಿದೆಯೇ ಎಂದು ನೋಡಿ ಒಪ್ಪುತ್ತಾರೆ. ಒಪ್ಪದಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಬಿರ್ಗೆನ್‌ಏರ್ ವಿಮಾನ ನಿಲ್ಲಬೇಕಾಗಿದ್ದ ಜಾಗ ಅದೇ. 2018ರ ಜುಲೈ 18ರಂದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮಲೇಷಿಯಾ ಏರ್‌ಲೈನ್ಸ್‌ನ ವಿಮಾನವೊಂದು ಹುಳದ ಭಯಕ್ಕೆ ನಳಿಗೆಗಳಿಗೆ ತೊಡಿಸಿದ್ದ ಮುಚ್ಚಳಗಳ ಸಮೇತ ಮೇಲೆದ್ದುಬಿಟ್ಟಿತು. ಮೂರು ವೇಗಮಾಪಕಗಳೂ ವ್ಯರ್ಥವಾದವು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲವೆಂಬುದು ತಪ್ಪೇ. ಆದರೆ ಮೇಲೆದ್ದ ಬಳಿಕ ಅವರು ಕಂಗೆಡಲಿಲ್ಲ. ನಿಲುವು ಮತ್ತು ಶಕ್ತಿಯ ಲೆಕ್ಕದಿಂದ ಹಾರಿಸಿ, ಸುಮಾರು ಒಂದು ಗಂಟೆಯ ತರುವಾಯ ಇನ್ನೂರಕ್ಕೂ ಹೆಚ್ಚು ಜನರನ್ನು ಅದೇ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು.

ಈಗ ಕಿರಿಯರ ಮಾತಿಗೆ ಬರೋಣ. ಮುಂಬಯಿಯ ಎಂಜಿನಿಯರ್ ನಿಜವನ್ನು ಕಂಡಿದ್ದ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತಾಗಲೂ ಒಬ್ಬ ಎಂಜಿನಿಯರ್ ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಕೇಳಿದ್ದ; ಹಿರಿಯ ಚಾಲಕ ಬಿಟ್ಟಿದೆಯೆಂದು ಮಾತು ಮುಗಿಸಿದ್ದ. ಇಂತಹ ದುರಂತಗಳನ್ನು ಅಧ್ಯಯನ ಮಾಡಿ 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಕರೆದ ಗೋಷ್ಠಿಯಿಂದ ಹೊಸದೊಂದು ಶಿಕ್ಷಣ ಹುಟ್ಟಿತು. ಕಿರಿಯನು ಅಂಜದೆ ಹೇಳುವುದನ್ನು, ಹಿರಿಯನು ಮುನಿಯದೆ ಕೇಳುವುದನ್ನು ಈಗ ವಿಮಾನ ಹಾರಿಸುವ ವಿದ್ಯೆಯ ಭಾಗವಾಗಿಯೇ ಕಲಿಸುತ್ತಾರೆ. ಇಲ್ಲಿಯೇ ಹುಡುಗ ನಮ್ಮ ಮುಖ ನೋಡಿದ್ದು. "ಗುರುಗಳೇ, ಮನೇಲಿ ದೊಡ್ಡೋರ ಮುಂದೆ ಬಾಯಿ ಬಿಡಬಾರದು ಅಂತ ಬೆಳೆದ ನಮ್ಮಂಥೋರಿಗೆ ಕಷ್ಟ ಆಗಿದ್ದು ಇದೊಂದೇ" ಎಂದ.

ಅವನ ಮಾತು ನಮಗೆ ತಾಗಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಕಟ್ಟಿದ, ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿ ಕುಳಿತ ಅನುಭವ ಮಂಟಪದ ವಾರಸುದಾರರೆಂದು ನಾವು ಸಭೆ ಸಭೆಯಲ್ಲಿ ಹೇಳಿಕೊಳ್ಳುತ್ತೇವೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೋಗಿ ಹಿಂದಕ್ಕೆ ಸುರಿದು ಬನ್ನಿರೆಂದವರು ಪತ್ನಿ ಲಕ್ಕಮ್ಮ. ಮಾರಯ್ಯನವರು ಮುನಿಯಲಿಲ್ಲ, ಹೋಗಿ ಸುರಿದು ಬಂದರು. ಲಕ್ಕಮ್ಮನ ಧೈರ್ಯವನ್ನು ನಾವು ಎಷ್ಟೋ ಉಪನ್ಯಾಸಗಳಲ್ಲಿ ಕೊಂಡಾಡಿದ್ದೇವೆ. ಮಾರಯ್ಯನ ಕಿವಿಯನ್ನು ಕೊಂಡಾಡಿದ ನೆನಪಿಲ್ಲ. ನಮ್ಮ ಮನೆಯಲ್ಲಿಯೇ ಮಗನೋ ಸೊಸೆಯೋ ನಮ್ಮ ಲೆಕ್ಕ ತಪ್ಪಿದೆಯೆಂದಾಗ ನಾವು ಏನು ಹೇಳುತ್ತೇವೆಂಬುದು ನಮಗೇ ಗೊತ್ತು.

ಮಾತು ಮುಗಿಯುವ ಹೊತ್ತಿಗೆ ಮೂರು ಗಂಟೆಯಾಗಿತ್ತು. ಹುಡುಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಲ್ಲ ಮಗಾ, ಆ ಕುಂಬಾರ ಹುಳ ದೇವನಹಳ್ಳೀಲೂ ಇರುತ್ತಾ?" ಎಂದರು.

"ಎಲ್ಲಾ ಕಡೆನೂ ಇರುತ್ತೆ ಅಜ್ಜಿ. ಅದಕ್ಕೇ ವಿಮಾನ ನಿಲ್ಲಿಸಿದಾಗ ನಳಿಗೆಗೆ ಮುಚ್ಚಳ ಹಾಕ್ತಾರೆ, ದೂರಕ್ಕೂ ಕಾಣ್ಲಿ ಅಂತ ಅದಕ್ಕೊಂದು ಕೆಂಪು ಪಟ್ಟಿ ಇಳಿಬಿಟ್ಟಿರ್ತಾರೆ. ಹೊರಡೋಕೆ ಮುಂಚೆ ನಮ್ಮಲ್ಲೊಬ್ರು ಕೆಳಗಿಳಿದು ವಿಮಾನನ ಒಂದು ಸುತ್ತು ಹಾಕ್ಲೇಬೇಕು. ಮಳೆ ಬಂದ್ರೂ, ರಾತ್ರಿ ಎರಡು ಗಂಟೆ ಆದ್ರೂ."

"ನೀನೇ ನೋಡ್ತೀಯಾ?"

"ನನ್ನ ಸರದಿ ಇದ್ದಾಗ ನಾನೇ. ಟಾರ್ಚ್ ಬಿಟ್ಟು ಒಂದೊಂದೇ ನೋಡ್ತೀನಿ."

"ಇನ್ನೊಬ್ಬರ ಸರದಿ ಇದ್ದಾಗ?"

"ನೋಡಿದ್ರಾ ಅಂತ ಕೇಳ್ತೀನಿ, ಅಜ್ಜಿ."

ಆಕೆ ಮೊಮ್ಮಗಳ ಕಡೆ ನೋಡಿದರು. ತಟ್ಟೆಗೆ ಇನ್ನೆರಡು ವೀಳ್ಯದೆಲೆ ಇಡಲು ಹೇಳಿದರು.